ನನ್ನ ಕಾರು, ಅವಳ ಫೋನು

ಮನೆಯಲ್ಲಿ ತನ್ನ ಸ್ಥಾನ ಎಷ್ಟನೆಯದು ಎಂಬುದು ಗಂಡಸಿಗೆ ಗೊತ್ತಾಗದೆ ಇರುವುದೇ ಒಳ್ಳೆಯದು. ಹಿಂದೆ ಅದು ಗೊತ್ತಾಗುತ್ತಿರಲಿಲ್ಲ. ಗೊತ್ತಾದರೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈಗ ಕಾರಿನ ಸ್ಟೀರಿಯೋ ಹೇಳುತ್ತದೆ. ನನ್ನ ಕಾರು ಸ್ಟಾರ್ಟ್ ಆದ ಕೂಡಲೇ ಬ್ಲೂಟೂತಿನಲ್ಲಿ ಮೊದಲು ಹುಡುಕುವುದು ನನ್ನ ಹೆಂಡತಿ ಸುಜಾತಳ ಫೋನನ್ನು. ಅದು ಸಿಗದಿದ್ದರೆ ನಿಟ್ಟೆಯ ಹಾಸ್ಟೆಲಿನಲ್ಲಿರುವ ಮಗಳ ಫೋನಿಗಾಗಿ ಸ್ವಲ್ಪ ಹೊತ್ತು ಕಾಯುತ್ತದೆ, ಅವಳು ಅಲ್ಲಿಂದ ಉಡುಪಿಗೆ ಓಡಿ ಬಂದಾಳು ಎಂಬ ಹಾಗೆ. ಬೇರೆ ಗತಿಯೇ ಇಲ್ಲವೆಂದಾದರೆ ನನ್ನದು. ಆರ್.ಸಿ.ಯಲ್ಲಿ ಮಾತ್ರ ನನ್ನ ಹೆಸರೊಂದೇ ಇದೆ. ಮಗಳಲ್ಲಿ ದೂರು ಹೇಳಿದಾಗ ಅವಳು ಸೆಟ್ಟಿಂಗ್ಸ್ ತೆರೆದು ನನ್ನನ್ನು ಮೇಲಕ್ಕೆ ಏರಿಸಿ ಕೊಟ್ಟಳು. ಸ್ವಲ್ಪ ದಿನ ಕಾರು ನನ್ನನ್ನು ಮರ್ಯಾದೆಯಿಂದ ನಡೆಸಿಕೊಂಡಿತು. ಆಮೇಲೆ ಯಾರೂ ಹೇಳದೆಯೇ ಹಳೆಯ ಕ್ರಮಕ್ಕೆ ಮರಳಿತು.

ನನ್ನ ಹಳೆಯ ಕಾರಿನಲ್ಲಿ ಕ್ಯಾಸೆಟ್ ಪ್ಲೇಯರ್ ಇತ್ತು. ಅದು ಟೇಪನ್ನು ಕಚ್ಚಿ ಎಳೆದು ಕರುಳಿನ ಹಾಗೆ ಹೊರಗೆ ಹಾಕುತ್ತಿತ್ತು ನಿಜ. ಆದರೆ ನೀನು ಯಾರು, ನಿನಗೆ ಇಲ್ಲಿ ಎಂತ ಕೆಲಸ ಎಂದು ಒಂದು ದಿನವೂ ಕೇಳಿದ್ದಿಲ್ಲ. ನನಗೆ ಸಂಗೀತದ ಹುಚ್ಚು ಇರುವುದರಿಂದ ಇದೆಲ್ಲ ಮನಸ್ಸಿಗೆ ತಾಗುತ್ತದೆ. ಕಾಲೇಜಿನಲ್ಲಿ ನಾನು ಕಾಮರ್ಸ್ ಪಾಠ ಮಾಡುವವನು, ಹೊಟ್ಟೆಪಾಡು. ಸಮಾರಂಭಗಳಲ್ಲಿ ಹಾಡುವುದು ಮನಃಪೂರ್ವಕ. ನೆಂಟರಿಷ್ಟರ ಮನೆಯ ಮೆಹಂದಿ, ಗೃಹಪ್ರವೇಶ, ನಾಮಕರಣ ಯಾವುದೇ ಇರಲಿ, ಮೈಕ್ ಕಂಡರೆ ನನ್ನ ಕಾಲು ತಾನಾಗಿ ಆ ಕಡೆ ನಡೆಯುತ್ತದೆ. ನನ್ನ ಹಾಡು ಕೇಳಿ ಜನ ಎದ್ದು ಹೋದದ್ದಿಲ್ಲ. ಊಟಕ್ಕೆ ಕರೆದಾಗ ಹೋಗಿದ್ದಾರೆ, ಅದು ಬೇರೆ.

ಮೊನ್ನೆ ಕಾರ್ಕಳದಲ್ಲಿ ಸುಜಾತಳ ತಮ್ಮ ಸುರೇಶನ ಮದುವೆಯ ಬೆಳ್ಳಿಹಬ್ಬ. ಒಂದು ಹಾಲ್‌ನಲ್ಲಿ ಮಧ್ಯಾಹ್ನದ ಊಟ, ಜೊತೆಗೆ ಕರೋಕೆ. ಹಾಡುಗಾರನ ಧ್ವನಿ ತೆಗೆದು ಬರೀ ವಾದ್ಯ ಉಳಿಸಿದ ಟ್ರ್ಯಾಕ್ ಹಾಕುತ್ತಾರೆ, ನಾವು ಅದರ ಮೇಲೆ ಹಾಡಬೇಕು. ನಾನು ಒಂದು ಹಳೆಯ ಯುಗಳಗೀತೆಯ ಟ್ರ್ಯಾಕನ್ನು ಫೋನಿಗೆ ಇಳಿಸಿಕೊಂಡು ತಿಂಗಳಿಂದ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದ್ದೆ. ಯುಗಳಗೀತೆಯ ಹೆಂಗಸಿನ ಭಾಗವನ್ನೂ ನಾನೇ ಹಾಡುವುದೆಂದು ನಿರ್ಧರಿಸಿದ್ದೆ. ಕೊನೆಯ ತಾಲೀಮನ್ನು ಕಾರಿನಲ್ಲಿ, ದಾರಿಯುದ್ದಕ್ಕೂ ಮಾಡುವುದೆಂದಿತ್ತು. ಸುಜಾತ ಇದಕ್ಕೆ ಏನೂ ಹೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹಿರಿಯಡ್ಕದವರೆಗೂ ಸ್ಟೀರಿಯೋ ನನ್ನ ಫೋನನ್ನು ಒಪ್ಪಲಿಲ್ಲ. ಪೇಟೆ ದಾಟಿದ ಮೇಲೆ ಕಾರನ್ನು ಬದಿಗೆ ಹಾಕಿ ನಾನೇ ಕುಳಿತು ಒತ್ತಿದೆ. ಸ್ಕ್ರೀನಿನ ಮೇಲೆ 'ಕನೆಕ್ಟೆಡ್' ಎಂದು ಬಂತು. ಯಾರಿಗೆ ಎಂದು ಓದಲು ಕನ್ನಡಕ ಹಾಕಿಕೊಂಡಿರಲಿಲ್ಲ. ಟ್ರ್ಯಾಕ್ ಒತ್ತಿದರೆ ಧ್ವನಿ ಇಲ್ಲ. ಸ್ಟೀರಿಯೋದ ವಾಲ್ಯೂಮ್ ಏರಿಸಿದೆ, ಇಲ್ಲ. ಪೂರ್ತಿ ಏರಿಸಿದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಸುಜಾತ, ತನ್ನ ತಂಗಿ ವನಿತಾ ಕಾಪುವಿನಿಂದ ಕಳುಹಿಸಿದ್ದ ವಾಯ್ಸ್ ಮೆಸೇಜನ್ನು ಒತ್ತಿ ಫೋನನ್ನು ಕಿವಿಗೆ ಹಿಡಿದಳು. ವನಿತಾ ಅವಳ ಕಿವಿಯಲ್ಲಿ ಮಾತಾಡಲಿಲ್ಲ. ಕಾರಿನ ನಾಲ್ಕೂ ಸ್ಪೀಕರುಗಳಲ್ಲಿ ಮಾತಾಡಿದಳು.

"ಅಕ್ಕ, ನೀನು ಹೇಳಿದ ಹಾಗೆ ಕರೋಕೆಯವರಿಗೆ ಹೇಳಿ ಇಟ್ಟಿದ್ದೇನೆ. ಭಾವ ಹಾಡ್ತೇನೆ ಅಂತ ಬಂದ್ರೆ ಆ ಟ್ರ್ಯಾಕ್ ಇಲ್ಲ ಅಂತ ಹೇಳ್ತಾರೆ. ಫೋನಿನಲ್ಲಿ ಉಂಟು ಅಂದ್ರೆ ಬ್ಲೂಟೂತ್ ಹಾಳಾಗಿದೆ ಅಂತ ಹೇಳ್ಲಿಕ್ಕೆ ಹೇಳಿದ್ದೇನೆ. ನೀನು ಎಂತ ಹೆದರಬೇಡ."

ರಸ್ತೆ ಬದಿಯ ಅಂಗಡಿಯವನು ಕಲ್ಲಂಗಡಿ ಕೊಯ್ಯುವುದನ್ನು ನಿಲ್ಲಿಸಿ ನಮ್ಮ ಕಡೆ ನೋಡಿದ. ಪಿತೂರಿಯ ಇಡೀ ಮೆಸೇಜಿನಲ್ಲಿ ನನ್ನನ್ನು ಚುಚ್ಚಿದ್ದು 'ನೀನು ಹೇಳಿದ ಹಾಗೆ' ಎಂಬ ಮೂರು ಶಬ್ದ. ಸುಜಾತ ಗಾಬರಿಯಿಂದ ತನ್ನ ಬ್ಲೂಟೂತ್ ಆಫ್ ಮಾಡಿದಳು. ಕೂಡಲೇ ಸ್ಟೀರಿಯೋ ಅನಾಥವಾಗಿ, ಅಲ್ಲಿಯವರೆಗೆ ಹೊರಗೆ ನಿಲ್ಲಿಸಿದ್ದ ನನ್ನ ಫೋನನ್ನು ಒಳಗೆ ಕರೆಯಿತು. ನನ್ನ ಟ್ರ್ಯಾಕ್ ಪೂರ್ತಿ ವಾಲ್ಯೂಮಿನಲ್ಲಿ ಶುರುವಾಯಿತು. ನಾನು ಕಾರು ಹೊರಡಿಸಿದೆ. ಪಿಟೀಲು ಬಂತು, ತಬಲಾ ಬಂತು, ಪಲ್ಲವಿಯ ಜಾಗ ಬಂತು. ನಾನು ಬಾಯಿ ತೆರೆಯಲಿಲ್ಲ. ನಿಲ್ಲಿಸಲು ಅವಳಿಗೆ ಧೈರ್ಯವಿಲ್ಲ, ನನಗೆ ಮನಸ್ಸಿಲ್ಲ. ಬೈಲೂರು ದಾಟುವವರೆಗೂ ಹಾಡುವವನಿಲ್ಲದ ಹಾಡು ಮತ್ತೆ ಮತ್ತೆ ಮೊದಲಿನಿಂದ ಬರುತ್ತಾ ಇತ್ತು. ಕೊನೆಗೆ ಅವಳು, ಕಳೆದ ಸಲ ನಾನು ಹಾಡುವಾಗ ಜನ ನಗುತ್ತಿದ್ದರು, ಅದನ್ನು ನೋಡಲು ತನ್ನಿಂದ ಆಗಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಅವರು ನಕ್ಕದ್ದು ಸಂತೋಷಕ್ಕೆ ಎಂದು ನಾನು ಇಷ್ಟು ದಿನ ತಿಳಿದುಕೊಂಡಿದ್ದೆ.

ಹಾಡದೆ ಇದ್ದು ಅವರಿಗೆಲ್ಲ ಶಿಕ್ಷೆ ಕೊಡುವುದೆಂದು ಹಾಲ್‌ನ ಮೆಟ್ಟಿಲು ಹತ್ತುವಾಗ ತೀರ್ಮಾನಿಸಿದೆ. ಸುರೇಶ ಬಂದು, ಭಾವ, ಒಂದು ಹಾಡು ಬೇಡವಾ ಎಂದು ಕೇಳಿದ. ಗಂಟಲು ಸರಿಯಿಲ್ಲ ಎಂದೆ. ಒತ್ತಾಯ ಮಾಡುತ್ತಾನೆ, ಆಮೇಲೆ ಇನ್ನೊಮ್ಮೆ ಬೇಡ ಎನ್ನಬಹುದು ಎಂದು ಕಾದೆ. ಅವನು ಹೋಗಿ ಒಂದು ಲೋಟ ಬಿಸಿನೀರು ತಂದುಕೊಟ್ಟ. ವನಿತಾ ನೀರುಳ್ಳಿ ಬಜೆ ತಂದಳು. ಗಂಟಲಿಗೆ ಎಣ್ಣೆ ಆಗದು ಎಂದು ನೆನಪಾಗಿ ಅದನ್ನು ವಾಪಸು ಕೊಂಡುಹೋದಳು. ಊಟದ ಎಲೆಯ ಮುಂದೆ ಕುಳಿತರೂ ಅನ್ನ ಒಳಗೆ ಹೋಗಲಿಲ್ಲ.

ಆಮೇಲೆ ಕರೋಕೆಯವನು ಸುಜಾತಳ ಹೆಸರು ಕರೆದ. ಯಾರೋ ಬೇರೆ ಸುಜಾತ ಎಂದುಕೊಂಡೆ. ಇಷ್ಟು ವರ್ಷಗಳಲ್ಲಿ ಅವಳು ಅಡುಗೆಮನೆಯಲ್ಲಿ ಕೂಡ ಗುನುಗಿದ್ದನ್ನು ನಾನು ಕೇಳಿದವನಲ್ಲ. ಅವಳೂ ವನಿತಾಳೂ ಒಂದೇ ಮೈಕ್ ಹಿಡಿದು ಒಂದು ಭಾವಗೀತೆ ಹಾಡಿದರು. ಸುಜಾತಳ ಧ್ವನಿ ಸಣ್ಣದು, ಸ್ವಲ್ಪ ನಡುಗುತ್ತಿತ್ತು. ಆದರೆ ಮಾತಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ನಾನು ಹಾಡುವಾಗ ಜನ ಮಾತು ಜೋರು ಮಾಡುತ್ತಾರೆ.

ಪಕ್ಕದ ಕುರ್ಚಿಯಲ್ಲಿ ಸುರೇಶನ ಹೆಂಡತಿಯ ಕಡೆಯ ಯಾರೋ ಹಿರಿಯರು ಇದ್ದರು. ಹಾಡಿದವರು ಯಾರು ಎಂದು ಕೇಳಿದರು. ಒಬ್ಬಳು ನನ್ನ ಹೆಂಡತಿ ಎಂದೆ.

"ನೀವು ಹಾಡುವುದಿಲ್ವಾ?"

"ಇಲ್ಲ."

"ಒಳ್ಳೆಯದು ಮಾರಾಯ್ರೇ. ಮನೆಯಲ್ಲಿ ಒಬ್ಬರು ಹಾಡಿದ್ರೆ ಇನ್ನೊಬ್ಬರು ಕೇಳುವವರು ಬೇಕಲ್ವಾ."

ಹಿಂದಿರುಗುವಾಗ ಸ್ಟೀರಿಯೋವನ್ನು ಇಬ್ಬರೂ ಮುಟ್ಟಲಿಲ್ಲ. ಸುಜಾತಳ ಮುಖದಲ್ಲಿ ಇನ್ನೂ ಚಪ್ಪಾಳೆಯ ಕೆಂಪು ಇತ್ತು. ತುಂಬ ಹೊತ್ತು ತಡೆದುಕೊಂಡು, ತಾನು ಹಾಡಿದ್ದು ಹೇಗಿತ್ತು ಎಂದು ಕೇಳಿದಳು. ನಾನು ಸಂಗೀತ ಬಲ್ಲವನ ಗಾಂಭೀರ್ಯದಿಂದ, ಎರಡನೇ ಚರಣದಲ್ಲಿ ಶ್ರುತಿ ಸ್ವಲ್ಪ ಜಾರಿತು ಎಂದೆ. ಅವಳು "ಹೌದಾ" ಎಂದು ಕಿಟಕಿಯ ಕಡೆಗೆ ತಿರುಗಿ ಕುಳಿತಳು. ಶ್ರುತಿ ಎಲ್ಲಿಯೂ ಜಾರಿರಲಿಲ್ಲ. ಆದರೆ ಅಷ್ಟು ಹೇಳಿದ ಮೇಲೆ ನನಗೆ ಚೆನ್ನಾಗಿ ಹಸಿವಾಯಿತು.