ಮನೆಗಿಂತ ಮೊದಲು ಬೇಳೆ

ಮನೆ ಕೊಳ್ಳುವವರು ಕಾಗದಪತ್ರ ನೋಡುತ್ತಾರೆ, ವಾಸ್ತು ನೋಡುತ್ತಾರೆ, ಪಕ್ಕದ ಮನೆಯವರ ಮುಖವನ್ನೂ ನೋಡುತ್ತಾರೆ. ನಾನು ಇವೆಲ್ಲವನ್ನೂ ನೋಡಿ, ವಕೀಲರಿಗೂ ತೋರಿಸಿ, ಗೆದ್ದೆನೆಂದು ಕಾಲು ಚಾಚಿ ಕೂತಿದ್ದೆ. ಹೆಂಡತಿ ಶರಣಮ್ಮ ದೇವದುರ್ಗದ ಕಡೆಯವಳು ಎಂಬುದನ್ನು ಮರೆತಿದ್ದೆ. ಅವಳ ತವರಿನವರು ಮನೆ ಹಿಡಿಯುವ ಮೊದಲು ಅಲ್ಲಿಯ ನೀರಿನಲ್ಲಿ ತೊಗರಿಬೇಳೆ ಬೇಯಿಸಿ ನೋಡುತ್ತಾರೆ. ಸವಳು ನೀರಾದರೆ ಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ.

“ಬ್ಯಾಳಿ ಬೇಯದ ಮನ್ಯಾಗ ನಾ ಕಾಲಿಡಂಗಿಲ್ರಿ. ಬೇಕಾದ್ರ ನೀವೊಬ್ರ ಇರ್ರಿ,” ಎಂದಳು.

ನಾನು ನೌಕರಿಯನ್ನೆಲ್ಲ ಶಕ್ತಿನಗರದ ವಿದ್ಯುತ್ ಸ್ಥಾವರದ ಕ್ವಾರ್ಟರ್ಸಿನಲ್ಲಿ ಕಳೆದವನು. ನಿವೃತ್ತಿಯಾಗಿತ್ತು, ತಿಂಗಳ ಕೊನೆಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು. ರಾಯಚೂರಿನಲ್ಲಿ ಸುತ್ತಿ ಸುತ್ತಿ ಸಾಕಾದ ಮೇಲೆ ಇಬ್ಬರಿಗೂ ಹಿಡಿಸಿದ್ದು ಬಸಪ್ಪ ಮಾಸ್ತರರ ಮನೆ ಒಂದೇ. ಅವರು ಬೆಳಿಗ್ಗೆಯೇ ಫೋನ್ ಮಾಡಿದ್ದರು. “ಮಾನ್ವಿಯಿಂದ ಇನ್ನೊಂದು ಪಾರ್ಟಿಯವರು ಬರಾಕತ್ತಾರ. ಅಷ್ಟರೊಳಗ ನಿಮ್ಮ ಮಾತು ಹೇಳಿಬಿಡ್ರಿ.” ಈ ಮನೆ ತಪ್ಪಿದರೆ ಸಾಮಾನು ಬೀದಿಯಲ್ಲಿ. ಕುಕ್ಕರನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು. ದಾರಿಯಲ್ಲಿ ಬೇಳೆ ಕೊಳ್ಳುವ ಕೆಲಸ ನನಗೆ ಬಂತು.

ಮಾಸ್ತರರ ಹೆಂಡತಿ ಗಂಗಮ್ಮ ವಿಷಯ ಕೇಳಿ ಒಲೆ ಬಿಟ್ಟುಕೊಟ್ಟರು. ನಾವು ಗಂಡಸರಿಬ್ಬರೂ ಪಡಸಾಲೆಯಲ್ಲಿ ಕೂತೆವು. ಮಾಸ್ತರರ ಫೋನ್ ಬಡಿದುಕೊಂಡಿತು. ಮಾನ್ವಿಯವರು ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದರಂತೆ. ಒಳಗೆ ಕುಕ್ಕರು ಸೀಟಿ ಹೊಡೆಯಿತು. ಇಡೀ ಆಯುಷ್ಯ ಬಾಯ್ಲರುಗಳ ನಡುವೆ ಓಡಾಡಿದ ನಾನು ಒಂದು ಕುಕ್ಕರಿನ ಸೀಟಿಗೆ ಬೆವತುಹೋದೆ.

ಮುಚ್ಚಳ ತೆಗೆದರೆ ಬೇಳೆ ಬೇಳೆಯಾಗಿಯೇ ಕೂತಿತ್ತು. ಶರಣಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಅವಳು ಎದ್ದರೆ ವ್ಯವಹಾರ ಮುಗಿದಂತೆ. ನಾನು ಓಡಿಹೋಗಿ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಕಟುಂ ಎಂದಿತು.

“ಬೆಂದದ!” ಎಂದೆ.

ಮಾಸ್ತರರೂ ಒಂದು ಚಮಚ ತಿಂದರು. “ಭಾಳ ಛಲೋ ಬೆಂದದ್ರಿ,” ಎಂದರು. ಅವರ ದವಡೆ ಮಾತ್ರ ಆಡುತ್ತಲೇ ಇತ್ತು. ನನಗೆ ಮನೆ ಕೈಬಿಡುವ ಭಯ, ಅವರಿಗೆ ಗಿರಾಕಿ ಕೈಬಿಡುವ ಭಯ.

ಗಂಗಮ್ಮ ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿದರು. “ಇಬ್ರೂ ಯಾಕ್ ಸುಳ್ಳ ಹೇಳ್ತೀರಿ? ಬೆಂದಿಲ್ಲಿದು. ತಂಗಿ, ಈ ಬ್ಯಾಳಿ ಯಾರು ತಂದಾರ?”

ಶರಣಮ್ಮ ನನ್ನ ಕಡೆ ನೋಡಿದಳು.

“ಯಾವ ಕಾಲದ ಬ್ಯಾಳಿನೋ ಏನೋ! ಇದಕ್ಕ ಗಂಗಾಜಲ ಹಾಕಿದ್ರೂ ಬೇಯಂಗಿಲ್ಲ. ನಮ್ಮ ನೀರಿಗೆ ಯಾಕ ಹೆಸರಿಡ್ತೀರಿ?” ಎಂದವರೇ ತಮ್ಮ ಡಬ್ಬಿಯ ಬೇಳೆ ತೊಳೆದು, ಮನೆಯ ಅದೇ ನೀರು ಹಾಕಿ ತಮ್ಮ ಕುಕ್ಕರು ಒಲೆಗೇರಿಸಿದರು.

ಅದು ಇನ್ನೂ ಸೀಟಿ ಹೊಡೆದಿರಲಿಲ್ಲ, ಬಾಗಿಲಲ್ಲಿ ಆಟೋ ನಿಂತಿತು. ಮಾನ್ವಿಯ ಗಂಡಹೆಂಡತಿ ಒಳಗೆ ಬಂದು ನನ್ನ ಕಿಟಕಿಗಳನ್ನು, ನನ್ನ ಬಾಗಿಲುಗಳನ್ನು ನೋಡತೊಡಗಿದರು. ಕಡೆಗೂ ಕುಕ್ಕರು ಕೂಗಿತು, ಇಳಿಯಿತು, ಮುಚ್ಚಳ ತೆರೆಯಿತು. ಬೇಳೆ ಬೆಣ್ಣೆಯಾಗಿತ್ತು.

“ಮನಿ ನಮಗ ಬೇಕ್ರಿ ಯವ್ವಾ,” ಎಂದಳು ಶರಣಮ್ಮ.

ಮಾಸ್ತರರು ಎರಡೂ ಕಡೆ ನೋಡಿ ತಡವರಿಸಿದರು. ಗಂಗಮ್ಮ ಮಾನ್ವಿಯವರಿಗೆ ಮಣೆ ಹಾಕಿದರು. “ಕುಂದರ್ರಿ, ಉಂಡು ಹೋಗ್ರಿ. ಮನಿ ಮಾತ್ರ ಈ ತಂಗಿಗಾತು. ನಾನೂ ಇಲ್ಲಿಗೆ ಬರೂಕಿಂತ ಮೊದ್ಲ ಬ್ಯಾಳಿ ಬೇಯಿಸೇ ನೋಡಿದ್ದೆ.”

ನನಗೆ ಕಣ್ಣು ತುಂಬಿ ಬಂತು. ಎಲ್ಲರಿಗೂ ಬಿಸಿ ರೊಟ್ಟಿ, ಮೆತ್ತನೆಯ ಬೇಳೆ ಬಡಿಸಿದರು. ನನ್ನ ತಟ್ಟೆಗೆ ಮಾತ್ರ ಶರಣಮ್ಮ ಮೊದಲ ಕುಕ್ಕರನ್ನು ಬಗ್ಗಿಸಿದಳು.

“ಬೆಂದದ ಅಂದ್ರಲ್ಲ, ಉಣ್ರಿ.”

ಆಸರೆಗೆಂದು ಮಾಸ್ತರರ ಕಡೆ ನೋಡಿದೆ. ಇವತ್ತು ತಮಗೆ ಉಪವಾಸವೆಂದು ಹೇಳಿ ಅವರು ಆಗಲೇ ಎದ್ದುಹೋಗಿದ್ದರು. ಈಗ ಇದು ನನ್ನ ಮನೆ. ನಾನು ಎದ್ದು ಎಲ್ಲಿಗೆ ಹೋಗಲಿ? ಕಟುಂ ಕಟುಂ ಎಂದು ಉಂಡೆ.