ಹದಿನಾಲ್ಕನೇ ನಂಬರಿನವರು ಏಳಲಿಲ್ಲ

ನಾರಾಯಣಪೇಟೆ ಜಿಲ್ಲೆಯಾದ ಮರುವರ್ಷ, ಫೆಬ್ರವರಿಯ ಎರಡನೆಯ ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ, ನಾನು ಮಕ್ತಲ್ ಬಸ್ ನಿಲ್ದಾಣದಲ್ಲಿ ಗದ್ವಾಲಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹೋಗುತ್ತಿದ್ದುದು ತಿಂಗಳಿಗೊಮ್ಮೆ ಅಲ್ಲಿಗೆ ಬರುವ ಮನಸ್ಸಿನ ಡಾಕ್ಟರಮ್ಮನ ಬಳಿಗೆ, ಎರಡನೆಯ ಸಲ. ನಾನು ಪತ್ರಿಕೆಯೊಂದಕ್ಕೆ ನಾರಾಯಣಪೇಟೆಯ ವರದಿಗಾರ. ಎರಡು ತಿಂಗಳಿಂದ ಸರಿಯಾದ ನಿದ್ದೆಯಿರಲಿಲ್ಲ. ಆ ಮಂಪರಿನಲ್ಲಿ ದಾಮರಗಿದ್ದ ಎಂಬ ಊರಿನ ಸುದ್ದಿಯನ್ನು ಐಜ ಎಂಬ ಬೇರೆ ಊರಿನ ಹೆಸರಿನಲ್ಲಿ ಕಳಿಸಿದ್ದೆ, ಅದು ಹಾಗೆಯೇ ಅಚ್ಚಾಗಿತ್ತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ಸಂಪಾದಕರು ಫೋನಿನಲ್ಲಿ ತಿಳಿಸಿದ್ದರು. ಅಂದರೆ ನಿದ್ದೆ ಬಂದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ನಮ್ಮ ಕಡೆ ಇಂಥ ಡಾಕ್ಟರನ್ನು ಯಾರೂ ಸ್ವಂತ ಊರಿನಲ್ಲಿ ನೋಡುವುದಿಲ್ಲ. ನಾರಾಯಣಪೇಟೆಯವರು ಗದ್ವಾಲಿಗೆ ಹೋಗುತ್ತಾರೆ, ಗದ್ವಾಲಿನವರು ಕರ್ನೂಲಿಗೋ ರಾಯಚೂರಿಗೋ ಹೋಗುತ್ತಾರೆ. ಗುರುತಿನವರು ಸಿಗಬಾರದು ಎನ್ನುವುದಷ್ಟೇ ಕಾರಣ. ಈ ಜಾಣತನ ನನ್ನೊಬ್ಬನದೇ ಅಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ನಮ್ಮ ಓಣಿಯ ಸೀರೆ ವ್ಯಾಪಾರಿ ವೀರಣ್ಣ ಅದೇ ಬಸ್ಸಿಗೆ ಕಾಯುತ್ತಿದ್ದರು.

"ಏನ್ರೀ ರಿಪೋರ್ಟರ್ ಸಾಬ್, ಈ ಕಡಿ?" ಎಂದರು.

"ಗದ್ವಾಲದಾಗ ಮೀಟಿಂಗ್ ಐತ್ರಿ. ನೀವು?"

"ಬೀಗರ ಮನಿಗಿ. ಕೂಸಿಗಿ ಹೆಸರಿಡಾಕತ್ಯಾರ."

ಅವರ ಕೈಯಲ್ಲಿ ಕೂಸಿಗೆ ಒಂದು ಅಂಗಿಯೂ ಇರಲಿಲ್ಲ. ಅದನ್ನು ಗಮನಿಸಿದೆ, ಕೇಳಲಿಲ್ಲ. ನನ್ನ ಮೀಟಿಂಗು ಯಾವ ಕಚೇರಿಯಲ್ಲಿ ಎಂದು ಅವರೂ ಕೇಳಲಿಲ್ಲ. ಗದ್ವಾಲಿನಲ್ಲಿ ಇಬ್ಬರೂ ಒಂದೇ ಕಡೆ ಇಳಿದೆವು. ಅವರು ಮುಂದೆ ಹೋಗಲೆಂದು ನಾನು ಪಾನ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತೆ. ಎಲೆ ಅಡಿಕೆ ಹಾಕುವ ಅಭ್ಯಾಸ ನನಗಿಲ್ಲ. ಆದರೂ ಎರಡು ಸಲ ಹಾಕಿಕೊಂಡು ಕ್ಲಿನಿಕ್ಕಿನ ಒಳಗೆ ಹೋದರೆ, ವೀರಣ್ಣ ಬೆಂಚಿನ ಮೇಲೆ ಗೋಡೆಗೆ ತಲೆಯಾನಿಸಿ ಕೂತಿದ್ದರು. ಇಬ್ಬರೂ ನಕ್ಕೆವು. ಅವರು, "ಬೀಗರಿಗಿ ಮಾತ್ರಿ ಒಯ್ಯಾಕ ಬಂದೀನ್ರಿ" ಎಂದರು. ನಾನು, "ಡಾಕ್ಟರಮ್ಮನ್ನ ಒಂದ್ ಸುದ್ದಿ ಕೇಳಾಕ ಬಂದೀನಿ" ಎಂದೆ.

ಅವರ ತಲೆಯ ಹಿಂದೆ ಗೋಡೆಯಲ್ಲಿ ತೆಲುಗಿನಲ್ಲಿ ಬರೆದ ಹಲಗೆಯೊಂದಿತ್ತು. ರೋಗಿಯ ಹಕ್ಕುಗಳು. ರೋಗಿಯ ವಿಷಯವನ್ನು ಗುಟ್ಟಾಗಿಡಬೇಕು, ಕಾಯಿಲೆಯನ್ನೂ ಔಷಧವನ್ನೂ ತಿಳಿಯುವಂತೆ ವಿವರಿಸಬೇಕು, ಗೌರವದಿಂದ ನಡೆಸಿಕೊಳ್ಳಬೇಕು. ಸುದ್ದಿಗೆ ಬಂದವನಂತೆ ಕಾಣಲೆಂದು ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಹಲಗೆಯ ಕೆಳಗಿನ ಅರ್ಧವನ್ನು ವೀರಣ್ಣನವರ ತಲೆ ಮರೆಮಾಡಿತ್ತು.

ಅಲ್ಲಿನ ಸಿಸ್ಟರ್‌ಗೆ ನಾವಿಬ್ಬರೂ ಗೊತ್ತು. ಆದರೆ ಒಬ್ಬರ ವಿಷಯ ಇನ್ನೊಬ್ಬರ ಮುಂದೆ ಬಾಯಿಬಿಡುವ ಹೆಂಗಸಲ್ಲ. ಹೆಸರು ಹೇಳದೆ, ಮೊದಲೇ ಫೋನಿನಲ್ಲಿ ಕೊಟ್ಟ ನಂಬರನ್ನೇ ಕರೆಯುತ್ತಾರೆ.

"ಹದಿನಾಲ್ಕು!" ಎಂದರು. ಅದು ನನ್ನದು. ನಾನು ಏಳಲಿಲ್ಲ.

"ಹದಿನೈದು!" ಎಂದರು. ವೀರಣ್ಣ ಸೀಲಿಂಗ್ ಫ್ಯಾನ್ ನೋಡಿದರು.

ಹದಿನಾರನೆಯ ನಂಬರಿನ ಮಾನೋಪಾಡಿನ ಅಜ್ಜಿ ಎದ್ದು ನಿಂತು, "ಜಡ್ಡಿಲ್ಲದವ್ರು ಬೆಂಚಾದ್ರೂ ಬಿಡ್ರೆಪ್ಪಾ, ಜಡ್ಡಿದ್ದವ್ರು ಕುಂದರ್ಲಿ" ಎಂದು ಒಳಗೆ ಹೋದರು. ಗುಟ್ಟನ್ನು ಕಾಪಾಡುವುದು ಹೀಗೆ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಹನ್ನೆರಡೂವರೆಯವರೆಗೆ ನಮ್ಮಿಬ್ಬರಿಗೂ ಚಿಕಿತ್ಸೆ ಸಿಗಲಿಲ್ಲ.

ಸಿಸ್ಟರ್ ಗೋಡೆಗೆ ಹೇಳುವಂತೆ ಹೇಳಿದರು: "ಒಂದು ಗಂಟಿಗಿ ಡಾಕ್ಟರಮ್ಮ ಊರಿಗಿ ಹೋಗ್ತಾರ್ರಿ. ಹದಿನಾಲ್ಕು, ಹದಿನೈದು ಇನ್ನೂ ಬಸ್ಸಿನಾಗ ಇದ್ರ, ಮುಂದಿನ ತಿಂಗಳ ಬರ್ಲಿ."

ಮುಂದಿನ ತಿಂಗಳವರೆಗೆ ನನ್ನ ಕೆಲಸ ಉಳಿದಿರುತ್ತದೆಯೇ ಎಂದು ನಾನು ಯೋಚಿಸುತ್ತಿರುವಾಗ ವೀರಣ್ಣ ಎದ್ದರು. "ನಾ ಹದಿನೈದ್ರಿ. ಅಂಗಡ್ಯಾಗ ಕುಂತ್ರ ಸುಮ್‌ಸುಮ್ಕ ಎದಿ ಹೊಡ್ಕೊತೈತಿ. ಬೀಗರು ರಾಯಚೂರಾಗ ಅದಾರ, ಅವರಿಗೇನೂ ಆಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಏಳ್ರಿ ಸಾಬ್, ನಿಮ್ಮ ಮೀಟಿಂಗ್ ಚಾಲೂ ಆಗೈತಿ" ಎಂದರು.

ಅವರ ತಲೆ ಸರಿದಾಗ ಹಲಗೆಯ ಉಳಿದರ್ಧ ಕಾಣಿಸಿತು. ರೋಗಿಯ ಜವಾಬ್ದಾರಿಗಳು. ನಿಜ ಹೇಳಬೇಕು. ಕೇಳದೆ ಮಾತ್ರೆ ನಿಲ್ಲಿಸಬಾರದು. ಹಿಂದಿನ ತಿಂಗಳು ಎರಡು ರಾತ್ರಿ ನಿದ್ದೆ ಬಂದ ಖುಷಿಯಲ್ಲಿ ನಾನು ಮಾತ್ರೆಯನ್ನು ನಿಲ್ಲಿಸಿದ್ದೆ. ಔಷಧ ಹಿಡಿಯಲಿಲ್ಲ ಎಂದು ದೂರುವುದಕ್ಕೇ ಇಷ್ಟು ದೂರ ಬಂದಿದ್ದೆ. ಈ ಭಾಗವನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಲಿಲ್ಲ.

ಒಳಗೆ ಡಾಕ್ಟರಮ್ಮ ಕೇಳಿದರು: "ಮಾತ್ರಿ ದಿನಾ ತಗೊಂಡ್ರ್ಯಾ?"

"ಬಹುತೇಕ."

"ಬಹುತೇಕ ಅಂದ್ರ ಎಷ್ಟು ದಿನ?"

ಈ ಪ್ರಶ್ನೆಯನ್ನು ನಾನು ಇಪ್ಪತ್ತು ವರ್ಷಗಳಿಂದ ಅಧಿಕಾರಿಗಳಿಗೆ ಕೇಳುತ್ತಿದ್ದೇನೆ. ಅವರು ಏಕೆ ನೀರು ಕುಡಿಯುತ್ತಾರೆಂದು ಅಂದು ತಿಳಿಯಿತು. "ಆಫ್ ದ ರೆಕಾರ್ಡ್ ಹೇಳ್ಲ್ಯಾ?" ಎಂದೆ.

"ಇಲ್ಲಿ ಹೇಳಿದ್ದು ಹೊರಗ ಹೋಗಂಗಿಲ್ರಿ. ಆದ್ರ ನನಗ ಖರೇ ಬೇಕು. ನೀವು ನುಂಗದ ಮಾತ್ರಿ ಕೆಲಸ ಮಾಡಿಲ್ಲಂತ ನಾ ಡೋಸ್ ಏರಿಸ್ಲೇನು?"

ಒಂಬತ್ತು ದಿನ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಡೋಸನ್ನೂ ಏರಿಸಲಿಲ್ಲ. ಮಾತ್ರೆ ಯಾವುದು, ನಡುವೆ ಬಿಟ್ಟರೆ ಏನಾಗುತ್ತದೆ ಎಂದು ಎರಡು ಸಲ ವಿವರಿಸಿ, ಅದನ್ನೇ ಮತ್ತೆ ಶುರು ಮಾಡಿಸಿದರು. ದಿನಾ ಎಷ್ಟು ತಾಸು ಮಲಗಿದೆನೆಂದು ಬರೆದು ತರಬೇಕೆಂದರು.

ಬರೆಯುತ್ತಿದ್ದೇನೆ. ಕಳೆದ ಸೋಮವಾರ ಆರು ತಾಸು ನಿದ್ದೆ ದಾಖಲಾಗಿದೆ. ಈ ಮಾಹಿತಿ ಕೊಟ್ಟವಳು ನನ್ನ ಹೆಂಡತಿ. ನಾನು ಸ್ಥಳದಲ್ಲೇ ಇದ್ದೆನಾದರೂ ಖಚಿತಪಡಿಸಿಕೊಳ್ಳಲು ಸಾಧ್ಯವಾಗಲಿಲ್ಲ.