ದಪ್ಪ ಮಚ್ಚೋ ಉದ್ದ ಮಚ್ಚೋ: ಅಂತಿಮ ತೀರ್ಮಾನ

ಕಾಡುದಾರಿ ನಿರ್ವಹಣಾ ಕಚೇರಿ
ಸಂಖ್ಯೆ: ಕಾದಾನಿ/ಮಚ್ಚು/ಆಯ್ಕೆ/47(ಆ)/ಆರನೇ ತಿದ್ದುಪಡಿ

ವಿಷಯ: ಹೊರಾಂಗಣ ಕೆಲಸಕ್ಕೆ ಮಡಚಲಾಗದ ದೊಡ್ಡ ಮಚ್ಚನ್ನು ಆಯ್ಕೆ ಮಾಡುವ ಬಗ್ಗೆ, ಹಾಗೂ ಸಹಾಯಕ ನಿರ್ದೇಶಕರನ್ನು ಮುಳ್ಳಿನಿಂದ ಬಿಡಿಸಿದ ಬಗ್ಗೆ.

ಉಲ್ಲೇಖ: (1) ಮಚ್ಚು ಆಯ್ಕೆ ಸಮಿತಿಯ ಹದಿನಾಲ್ಕು ಸಭೆಗಳ ನಡಾವಳಿ. (2) ದಾರಿ ಕಾವಲುಗಾರ್ತಿಗೆ ನೀಡಿದ ಕಾರಣ ಕೇಳುವ ನೋಟಿಸು. (3) ಅದಕ್ಕೆ ಆಕೆ ಬರೆದ ಒಂದು ಸಾಲಿನ ಉತ್ತರ.

ಪ್ರಸ್ತಾವನೆ:

ಸಮಸ್ತ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ಈ ಕಚೇರಿಯ ಹಿರಿಯ ಕಾವಲುಗಾರ್ತಿ, ಎಲ್ಲರ ಬಾಯಲ್ಲಿ ‘ದಾರಿಯಕ್ಕ’, ಇಪ್ಪತ್ತೆರಡು ವರ್ಷಗಳಿಂದ ಕಾಲುದಾರಿಗೆ ಅಡ್ಡ ಬಂದ ಬಳ್ಳಿ, ಕೊಂಬೆಗಳನ್ನು ಸವರುತ್ತ ಬಂದಿರುತ್ತಾರೆ. ಕಚೇರಿ ಕೊಟ್ಟ ಮಚ್ಚಿನ ಅಲಗು ಹಿಡಿಯಿಂದ ಕಳಚಿ ಹಳ್ಳಕ್ಕೆ ಬಿದ್ದ ಮೇಲೆ, ತಂಗಿಯ ಗಂಡ ತನ್ನ ಕುಲುಮೆಯಲ್ಲಿ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದುಕೊಟ್ಟ ಮಚ್ಚನ್ನೇ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. ಹೊಸದೊಂದು ಬೇಕೆಂದು ಅರ್ಜಿ ಬರೆದದ್ದೇ ತಡ, ಸಹಾಯಕ ನಿರ್ದೇಶಕರು, ಆಡಳಿತಾಧಿಕಾರಿ ಮತ್ತು ಉಗ್ರಾಣಾಧಿಕಾರಿಗಳ ಸಮಿತಿ ಹುಟ್ಟಿತು.

ಸಮಿತಿಯ ಮುಂದೆ ಎರಡು ಮಾದರಿಗಳಿದ್ದವು: ಮೊಳಕ್ಕೂ ಮಿಕ್ಕ ತೆಳು ಅಲಗಿನ ‘ಉದ್ದನೆಯದು’, ಗೇಣಿಗಿಂತ ತುಸು ದೊಡ್ಡದಾದ, ಮೂತಿ ಭಾರದ ‘ದಪ್ಪನೆಯದು’. ಸಭಾಂಗಣದಲ್ಲಿ ಎರಡರಿಂದಲೂ ಸೌತೆಕಾಯಿ ಮತ್ತು ಕಲ್ಲಂಗಡಿ ಕತ್ತರಿಸಲಾಯಿತು. ಎರಡೂ ತೇರ್ಗಡೆಯಾದವು. ಸಾಕ್ಷ್ಯವನ್ನು ಸದಸ್ಯರು ತಿಂದಿದ್ದರಿಂದ ಮರುಪರಿಶೀಲನೆ ಸಾಧ್ಯವಾಗಲಿಲ್ಲ. ಕುರ್ಚಿ ತಂದಿಡಲು ಕರೆಸಿದ್ದ ದಾರಿಯಕ್ಕ ಬಾಗಿಲಲ್ಲೇ ನಿಂತು, “ಸಾರ್, ಬಳ್ಳಿ ಸವರೋಕಾ, ಕೊಂಬೆ ಕಡಿಯೋಕಾ? ಕೆಲಸ ಯಾವ್ದು ಅಂತ ನೀವ್ ಹೇಳಿ, ಮಚ್ಚು ಯಾವ್ದು ಅಂತ ನಾನ್ ಹೇಳ್ತೀನಿ” ಎಂದಿದ್ದನ್ನು ನಡಾವಳಿಯಲ್ಲಿ ‘ವಿಷಯಾಂತರ’ ಎಂದು ದಾಖಲಿಸಲಾಗಿದೆ.

ಏಳನೇ ತಿಂಗಳಲ್ಲಿ ದಾರಿಯಕ್ಕನ ಬೆನ್ನ ಹಿಂದೆ ಸಮಿತಿಯು ಸ್ಥಳ ಪರೀಕ್ಷೆಗೆ ಹೊರಟಿತು. ಮಾದರಿಗಳ ಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಲಾಗಿತ್ತು. ಒಡೆಯಲು ಮೂವರ ಸಹಿಯೂ ಬೇಕಿತ್ತು. ದಾರಿಮಧ್ಯೆ ಸಹಾಯಕ ನಿರ್ದೇಶಕರು ಖಾಸಗಿ ಕಾರಣಕ್ಕೆ ಪೊದೆಯ ಹಿಂದೆ ಸರಿದರು. ಕಾಲು ಜಾರಿತು. ಮುಳ್ಳುಬಳ್ಳಿಗಳು ಅವರ ಎರಡೂ ಕೈ ಹಾಗೂ ಪ್ಯಾಂಟಿನ ಹಿಂಭಾಗವನ್ನು ಹಿಡಿದು, ಎರಡಾಳು ಆಳದ ಕೊರಕಲಿನ ಅಂಚಿನಲ್ಲಿ ಅವರನ್ನು ನೇತುಹಾಕಿದವು. ಬಳ್ಳಿಯ ಬೇರು ಸಡಿಲಾಗುತ್ತಿತ್ತು.

“ಪೆಟ್ಟಿಗೆ ತೆಗೀರ್ರೀ!” ಎಂದು ಅವರು ಕೂಗಿದರು.

“ಸಾರ್, ತಮ್ಮದೊಂದು ಸಹಿ ಬಾಕಿ ಇದೆ” ಎಂದು ಉಗ್ರಾಣಾಧಿಕಾರಿಗಳು ಪೆನ್ನು ಚಾಚಿದರು.

ದಾರಿಯಕ್ಕ ಪೆನ್ನಿಗೆ ಕಾಯಲಿಲ್ಲ. ನೆಲಕ್ಕೆ ಬೋರಲು ಮಲಗಿ, ಎಡಗೈಯಲ್ಲಿ ಸಾಹೇಬರ ಬೆಲ್ಟು ಹಿಡಿದು, “ಅಲ್ಲಾಡ್ಬೇಡಿ ಸಾರ್. ನನ್ ಮಚ್ಚಿಗೆ ಬಳ್ಳಿ ಯಾವ್ದು, ಸಾಹೇಬ್ರು ಯಾರು ಅಂತ ಗೊತ್ತಾಗಲ್ಲ” ಎಂದು ಏಳು ಏಟಿಗೆ ಏಳು ಬಳ್ಳಿ ಕಡಿದು, ಅವರನ್ನು ಮೇಲಕ್ಕೆ ಎಳೆದುಕೊಂಡರು. ಪ್ಯಾಂಟಿನ ಹಿಂಭಾಗ ಅಲ್ಲೇ ಉಳಿಯಿತು.

ಮರುದಿನ ‘ಅನುಮೋದಿಸದ ಮಚ್ಚು ಬಳಸಿದ್ದೇಕೆ?’ ಎಂಬ ನೋಟಿಸು ಆಕೆಗೆ ತಲುಪಿತು. ನಿವೃತ್ತಿಗೆ ಎರಡೇ ವರ್ಷವಿತ್ತು. ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಆಕೆ ಬರೆದ ಉತ್ತರ: ‘ತಪ್ಪಾಯಿತು ಸಾರ್, ಮುಂದಿನ ಸಲ ಮೂರು ಸಹಿ ಆಗುವತನಕ ಕಾಯುತ್ತೇನೆ.’

ಇದನ್ನು ಎರಡು ಬಾರಿ ಓದಿದ ಸಹಾಯಕ ನಿರ್ದೇಶಕರು ನೋಟಿಸನ್ನು ತಾವೇ ಹರಿದರು. ಎರಡೂ ಮಾದರಿಗಳನ್ನು ಆಕೆಯ ಕೈಗಿತ್ತು, “ನೀವೇ ನೋಡಿ ಹೇಳಿಬಿಡಿ ಅಕ್ಕ” ಎಂದರು. ಆಕೆ ಒಂದು ಗಂಟೆಯಲ್ಲಿ ಕಾಡಿನಿಂದ ಮರಳಿದರು.

“ಹುಲ್ಲಿಗೆ, ಬಳ್ಳಿಗೆ ಉದ್ದಂದು. ಕೊಂಬೆಗೆ, ಇಕ್ಕಟ್ಟಿಗೆ ದಪ್ಪಂದು. ಒಂದೇ ಕೊಡೋದಾದ್ರೆ ದಪ್ಪಂದೇ ಕೊಡಿ, ಅದು ಬಳ್ಳೀನೂ ಕಡಿಯುತ್ತೆ, ಉದ್ದಂದು ಕೊಂಬೆ ಕಡಿಯಲ್ಲ. ಹಿಡಿ ಮಾತ್ರ ನುಣುಪು ಜಾಸ್ತಿ ಸಾರ್, ಬೆವರಿಗೆ ಜಾರುತ್ತೆ. ದಾರ ಸುತ್ತಿಸಿ.”

ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ದಪ್ಪನೆಯ ಮಚ್ಚನ್ನು ಆಯ್ಕೆ ಮಾಡಲಾಗಿದೆ. ಈ ಆಯ್ಕೆಯನ್ನು ಸಮಿತಿಯೇ ಮಾಡಿದೆಯೆಂದು ಭಾವಿಸತಕ್ಕದ್ದು.

2. ಹಿಡಿಗೆ ದಾರ ಸುತ್ತತಕ್ಕದ್ದು. ದಾರದ ಬಣ್ಣ ನಿರ್ಧರಿಸಲು ಉಪಸಮಿತಿ ರಚಿಸಲಾಗಿದೆ. ಅಲ್ಲಿಯವರೆಗೆ ಸುತ್ತಿದ ದಾರವನ್ನು ಯಾರೂ ನೋಡತಕ್ಕದ್ದಲ್ಲ.

3. ನೇತಾಡುತ್ತಿರುವ ಅಧಿಕಾರಿಗೆ ಸಹಿ ಹಾಕಲು ಕೈಗೆ ಬಿಡುವಿಲ್ಲದಿದ್ದಲ್ಲಿ, ಅವರ ಕೂಗನ್ನೇ ಸಹಿಯೆಂದು ಪರಿಗಣಿಸತಕ್ಕದ್ದು. ಕೂಗಿನಲ್ಲಿ ಪದನಾಮ ಮತ್ತು ದಿನಾಂಕ ಸ್ಪಷ್ಟವಾಗಿರಬೇಕು.

4. ಖಾಸಗಿ ಕಾರಣಕ್ಕೆ ಪೊದೆ ಬಳಸುವವರು ಮೂರು ದಿನ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು. ತೀರಾ ತುರ್ತಿದ್ದಲ್ಲಿ, ಎರಡು ದಿನ.

5. ಬಳ್ಳಿಯ ವಶದಲ್ಲಿರುವ ಬಟ್ಟೆಯ ಎದುರು ನಿಂತು ನಗುವುದನ್ನು ನಿಷೇಧಿಸಲಾಗಿದೆ. ನಗಲೇಬೇಕಾದವರು ಮುನ್ನೂರು ಹೆಜ್ಜೆ ಮುಂದೆ ಹೋಗಿ, ಸರದಿಯಂತೆ ನಗತಕ್ಕದ್ದು.

(ಸಹಿ/-)
ಕಚೇರಿ ಅಧೀಕ್ಷಕರು
(ಸಹಾಯಕ ನಿರ್ದೇಶಕರು ಇನ್ನೂ ಕೂರಲಾರದ ಕಾರಣ, ಅವರ ಪರವಾಗಿ)

ಪ್ರತಿಗಳು:
ಅ) ಉಗ್ರಾಣಾಧಿಕಾರಿಗಳಿಗೆ: ಪೆನ್ನನ್ನು ಜೇಬಿನಲ್ಲಿಟ್ಟುಕೊಳ್ಳುವ ಕೋರಿಕೆಯೊಂದಿಗೆ.
ಆ) ಕಾಡುದಾರಿಯ ಸೂಚನಾ ಫಲಕಕ್ಕೆ: ಅದನ್ನು ಮುಚ್ಚಿರುವ ಬಳ್ಳಿ ಸವರಿ, ಫಲಕ ಕಾಣುವಂತಾದ ನಂತರ.
ಇ) ಕಡತಕ್ಕೆ.
ಈ) ದಾರಿಯಕ್ಕನಿಗೆ: ಓದಿ ಸಹಿ ಮಾಡಲು. (ಎರಡು ಬಾರಿ ಕಳಿಸಲಾಯಿತು. ಕೆಲಸದಲ್ಲಿದ್ದರು. ಸಹಿ ದೊರೆತಿಲ್ಲ.)